ಗಲ್ಲಾಪೆಟ್ಟಿಗೆ ಎರಡಿರಲಿ

ಕೇಳುಗರಿಗೆ ನಮಸ್ಕಾರ. ಅಂಗಡಿಯ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮೊದಲ ಬೋಣಿಗೆ ಕಾಯುತ್ತಾ ರೇಡಿಯೋ ಹಾಕಿಕೊಂಡು ಕೂತಿದ್ದೀರಲ್ಲ, ಇವತ್ತಿನ ನನ್ನ ಮಾತು ನಿಮ್ಮ ಜೊತೆಗೇ. ದೊಡ್ಡ ಕಂಪನಿಗಳಿಗೆ ಸಲಹೆ ಕೊಡಲು ಬೇಕಾದಷ್ಟು ಜನ ಇದ್ದಾರೆ. ನಾನು ಸಣ್ಣ ಅಂಗಡಿ, ಹೋಟೆಲುಗಳ ಲೆಕ್ಕದ ಪುಸ್ತಕ ತಿರುವಿ ಹಾಕುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಮೂರು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು, ಮನೆ ದುಡ್ಡು ಬೇರೆ, ಅಂಗಡಿ ದುಡ್ಡು ಬೇರೆ.

ಗೊತ್ತು ಬಿಡಿ ಸಾರ್ ಅಂತೀರಿ. ಸರಿ, ಮಾಡುತ್ತೀರಾ?

ಬೆಂಗಳೂರಿನಲ್ಲಿ ನನ್ನ ಪರಿಚಯದವರದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ನಿಪ್ಪಟ್ಟು, ಕೋಡುಬಳೆ, ಹಬ್ಬ ಬಂದರೆ ಒಬ್ಬಟ್ಟು. ಸಂಜೆ ಹೊತ್ತು ನಿಲ್ಲಲು ಜಾಗ ಇರುವುದಿಲ್ಲ. ಒಂದು ದಿನ ಬಂದು, "ವ್ಯಾಪಾರ ಜೋರಾಗಿದೆ ಸಾರ್, ದುಡ್ಡು ಮಾತ್ರ ನಿಲ್ತಿಲ್ಲ. ಯಾರೋ ಕದೀತಿದಾರೆ" ಎಂದರು. ಅನುಮಾನ ಕೆಲಸದ ಹುಡುಗನ ಮೇಲೆ.

ಒಂದು ಶನಿವಾರ ಗಲ್ಲಾ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಹನ್ನೊಂದಕ್ಕೆ ಮನೆಯಿಂದ ಫೋನ್, ಗ್ಯಾಸ್ ಬಂದಿದೆ ದುಡ್ಡು ಕಳಿಸಿ ಅಂತ. ಗಲ್ಲಾದಿಂದ ಹೋಯಿತು. ಮಧ್ಯಾಹ್ನ ಮಗ ಬಂದ. ಕೇಳಲೂ ಇಲ್ಲ, ಪೆಟ್ರೋಲಿಗೆ ಕೈ ಹಾಕಿ ತೆಗೆದುಕೊಂಡು ಹೋದ. ಸಂಜೆ ಯಜಮಾನರೇ ಯಾರದೋ ಮದುವೆ ಮುಯ್ಯಿಗೆ 1,001 ರೂಪಾಯಿ ಕವರಿಗೆ ಹಾಕಿಕೊಂಡರು. ಇದೇನ್ರೀ ಎಂದರೆ, "ನನ್ನ ದುಡ್ಡೇ ಅಲ್ವಾ ಸಾರ್!"

ಒಂದು ಖಾಲಿ ಚಕ್ಕುಲಿ ಡಬ್ಬ ಇಡಿಸಿದೆ. ಯಾರೇ ದುಡ್ಡು ತೆಗೆದರೂ ಎಷ್ಟು, ಯಾಕೆ ಅಂತ ಚೀಟಿ ಬರೆದು ಅದಕ್ಕೆ ಹಾಕಬೇಕು. ಅಷ್ಟೇ. ತಿಂಗಳಾದ ಮೇಲೆ ಡಬ್ಬ ಸುರಿದೆವು. 61 ಚೀಟಿ. ಕೂಡಿದರೆ 43,650 ರೂಪಾಯಿ! ಕೆಲಸದ ಹುಡುಗನದು ಒಂದೇ ಚೀಟಿ: 20 ರೂಪಾಯಿ, ಟೀಗೆ.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನನ್ನು ಕರೆದು, "ಟೀಗೆಲ್ಲಾ ಚೀಟಿ ಬರೀಬೇಡಪ್ಪ" ಎಂದರು. ಅದೂ ತಪ್ಪೇ, ಟೀಗೂ ಬರೆಯಬೇಕು. ಆದರೆ ಅವತ್ತು ನಾನು ಸುಮ್ನೆ ಇದ್ದೆ.

ತಿಂಗಳಿಗೆ ಇಷ್ಟು ಅಂತ ನೀವೇ ಸಂಬಳ ತೆಗೆದುಕೊಳ್ಳಿ, ಮನೆಯದೆಲ್ಲಾ ಅದರಲ್ಲೇ ನಡೆಯಲಿ ಎಂದೆ. "ನನ್ನ ಅಂಗಡೀಲಿ ನಾನೇ ಸಂಬಳಗಾರನಾ?" ಅಂತ ನಕ್ಕರು. ಹೌದು ಸ್ವಾಮಿ. ಮನೆ ದುಡ್ಡು ಬೇರೆ, ಅಂಗಡಿ ದುಡ್ಡು ಬೇರೆ.

ಈಗ ಎರಡನೆಯದು. ಬೇಗ ಹೇಳುತ್ತೇನೆ, ಗಾಜಿನ ಆಚೆಯಿಂದ ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಕಳಿಸಿದ ನೋಟಿಸ್. ಎಷ್ಟೋ ಜನ ಕ್ಯೂಆರ್ ಸ್ಟಿಕ್ಕರ್ ಕಿತ್ತು ಹಾಕಿ, ಕ್ಯಾಶ್ ಮಾತ್ರ ಅಂತ ಬೋರ್ಡ್ ಬರೆದರು. ಸ್ಟಿಕ್ಕರ್ ಏನು ಪಾಪ ಮಾಡಿತ್ತು? ಒಂದೇ ಖಾತೆಗೆ ವ್ಯಾಪಾರದ ದುಡ್ಡು, ಚಿಟ್ ಫಂಡ್ ದುಡ್ಡು, ಭಾವಮೈದ ವಾಪಸ್ ಕೊಟ್ಟ ಸಾಲ, ಎಲ್ಲಾ ಬಂದು ಬಿದ್ದರೆ ಯಾವುದು ಯಾವುದು ಅಂತ ಇಲಾಖೆಯವರಿಗೆ ಹೇಗೆ ಗೊತ್ತಾಗಬೇಕು? ವರ್ಷಗಳ ಹಿಂದಿನದು ಕೇಳಿದರೆ ನಿಮಗೇ ಗೊತ್ತಾಗುವುದಿಲ್ಲ. ವ್ಯಾಪಾರಕ್ಕೆ ಅಂತಲೇ ಬೇರೆ ಖಾತೆ ಮಾಡಿಸಿ, ಅಂಗಡಿಯ ಕ್ಯೂಆರ್ ಅದಕ್ಕೇ ಇರಲಿ. ಇನ್ನೊಂದು, ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇದು ಲಾಭ ಅಲ್ಲ, ವಹಿವಾಟು. ದಿನಕ್ಕೆ 11,000 ರೂಪಾಯಿ ವ್ಯಾಪಾರ ಆದರೆ ದಾಟಿದ ಹಾಗೇ. ಲಾಭವೇ ಇಲ್ಲ ಸಾರ್ ಅಂತ ನನ್ನ ಹತ್ತಿರ ವಾದ ಮಾಡಬೇಡಿ.

ಮೂರನೆಯದು ಉದ್ರಿ. ಅದೇ ಅರ್ಧ ಗಂಟೆ ಬೇಕಾದ ಮಾತು. ಒಂದನ್ನಂತೂ ಹೇಳಿಬಿಡುತ್ತೇನೆ. ನೀವು ಮಾಲು ತಯಾರಿಸಿ ಕಂಪನಿಗಳಿಗೆ ಕೊಡುವವರಾದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಮಾಡಿಸಿ. ಜಾಸ್ತಿ ಅಂದರೆ 45 ದಿನದೊಳಗೆ ಕೊಂಡವರು ನಿಮಗೆ ದುಡ್ಡು ಕೊಡಬೇಕು ಅಂತ ಸಣ್ಣ ಉದ್ಯಮಗಳ 2006ರ ಕಾನೂನೇ ಹೇಳುತ್ತದೆ.

ಅಂದ ಹಾಗೆ, ಆ ಕಾಂಡಿಮೆಂಟ್ಸ್ ಯಜಮಾನರು ಯುಗಾದಿಗೆ ಫೋನ್ ಮಾಡಿದ್ದರು. "ಸಂಬಳ ಸಾಲ್ತಿಲ್ಲ ಸಾರ್, ಸ್ವಲ್ಪ ಜಾಸ್ತಿ ಮಾಡ್ಕೋಬಹುದಾ?" ಅಂತ. ಪುಸ್ತಕ ತಗೊಂಡು ಬನ್ನಿ, ನೋಡೋಣ ಎಂದೆ. ನಮಸ್ಕಾರ.