ನಾಲ್ಕನೇ ಎಣಿಕೆ ಖಾಲಿ

ಎಲ್ಲರೂ ಒಂದು ಸಲ ಕಾಲು ತಟ್ಟಿ ನೋಡೋಣ. ಎರಡು ಸಲ ಕಾಲು, ಒಂದು ಚಪ್ಪಾಳೆ, ಆಮೇಲೆ ಸುಮ್ನಿರಬೇಕು. ದಬ್ ದಬ್ ಚಪ್, ಖಾಲಿ. ಹಿಂದಿನ ಸಾಲಿನವರು ಖಾಲಿಯಲ್ಲೂ ತಟ್ಟುತ್ತಿದ್ದೀರಿ! ಇರಲಿ, ನನ್ನ ಮಾತೆಲ್ಲ ನಿಂತಿರುವುದೇ ಆ ಖಾಲಿ ಜಾಗದ ಮೇಲೆ.

ಹಾಡು ನಿಮಗೆ ಗೊತ್ತಾಗಿದೆ. ಬ್ರಿಟನ್ನಿನ ರಾಕ್ ಸಂಗೀತ ತಂಡ ಕ್ವೀನ್‌ನ ‘ವಿ ವಿಲ್ ರಾಕ್ ಯೂ’, 1977. ಮೈದಾನದಲ್ಲಿ ಕೇಳಿ ಕೇಳಿ ಇದು ಗೆದ್ದವರ ಹಾಡು ಅಂತ ನಂಬಿಬಿಟ್ಟಿದ್ದೇವೆ. ನನಗೆ ಹಾಗೆ ಕೇಳಿಸುವುದಿಲ್ಲ.

ಹುಟ್ಟಿದ ಕಥೆ ಹೇಳಿಬಿಡ್ತೀನಿ. ಇಂಗ್ಲೆಂಡಿನ ಸ್ಟಾಫರ್ಡ್ ಹತ್ತಿರ ಬಿಂಗ್ಲೀ ಹಾಲ್‌ನಲ್ಲಿ ಕಾರ್ಯಕ್ರಮ. ಮುಗಿಸಿ ಒಳಗೆ ಹೋದರೆ ಜನ ಮನೆಗೆ ಹೋಗದೆ, ಫುಟ್‌ಬಾಲ್ ಅಭಿಮಾನಿಗಳು ಹಾಡುವ ಒಂದು ಹಾಡನ್ನು ತಾವೇ ಶುರು ಮಾಡಿದರು. ಗಿಟಾರ್ ವಾದಕ ಬ್ರಯಾನ್ ಮೇ ಯೋಚಿಸಿದ: ಒತ್ತೊತ್ತಾಗಿ ನಿಂತವರು ಏನು ತಾನೇ ಮಾಡಬಲ್ಲರು? ಕಾಲು ತಟ್ಟಬಹುದು, ಚಪ್ಪಾಳೆ ಹೊಡೆಯಬಹುದು, ಹಾಡಬಹುದು. ಮರುದಿನ ಏಳುವಾಗ ಹಾಡು ತಲೆಯಲ್ಲಿತ್ತಂತೆ. ರೆಕಾರ್ಡಿಂಗ್ ನಡೆದದ್ದು ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ, ಅದು ಮೊದಲು ಚರ್ಚಿನ ಸಭಾಂಗಣ. ಅಲ್ಲಿ ಬಿದ್ದಿದ್ದ ಹಲಗೆಗಳ ಮೇಲೆ ನಿಂತು ತುಳಿದರು, ಮತ್ತೆ ಮತ್ತೆ ತುಳಿದರು. ಮೇ ಭೌತಶಾಸ್ತ್ರದ ಹುಡುಗ, ಅರ್ಧಕ್ಕೆ ಬಿಟ್ಟ ಪಿಎಚ್‌ಡಿಯನ್ನು 2007ರಲ್ಲಿ ಮುಗಿಸಿದ ಆಸಾಮಿ. (ನಮ್ಮಲ್ಲಿ ಗೈಡ್ ಒಪ್ಪುತ್ತಿದ್ದರಾ?) ಪೆಟ್ಟುಗಳನ್ನು ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಒಂಚೂರು ತಡ ಮಾಡಿ ಸೇರಿಸಿದ. ಪ್ರತಿಧ್ವನಿಯ ಹಾಗೆ ಕೇಳಲ್ಲ, ಸುತ್ತ ಜನ ನಿಂತಿದ್ದಾರೆ ಅನ್ನಿಸುತ್ತದೆ. ಡ್ರಮ್ ಸೆಟ್ ಇಲ್ಲ, ಬೇಸ್ ಗಿಟಾರೂ ಇಲ್ಲ.

ಈಗ ಆ ಖಾಲಿಗೆ ಬನ್ನಿ. ತಾಳ ಹಾಕುವಾಗ ಅಂಗೈ ಮಗುಚಿ ಹುಸಿ ತೋರಿಸ್ತೀವಲ್ಲ, ಹಾಗೆ. ಸದ್ದಿಲ್ಲ, ಆದರೆ ಮೈ ಮುಂದಿನ ಪೆಟ್ಟಿಗೆ ಕಾಯುತ್ತಿರುತ್ತದೆ. ಆ ಕಾಯುವಿಕೆಯೊಳಗೆ ಒಬ್ಬನೇ ಒಬ್ಬನ ದನಿ ಬರುತ್ತದೆ. ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ, ನಮ್ಮ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಅವನು ಯಾರನ್ನು ಹಾಡುತ್ತಾನೆ ಗಮನಿಸಿ. ಮೊದಲು ಬೀದಿಯಲ್ಲಿ ಡಬ್ಬ ಒದೆಯುವ ಹುಡುಗ, ಮುಂದೆ ದೊಡ್ಡ ಮನುಷ್ಯ ಆಗ್ತಾನಂತೆ. ಆಮೇಲೆ ಜಗತ್ತನ್ನೇ ಗೆಲ್ಲುತ್ತೇನೆ ಅಂತ ಕೂಗುವ ಯುವಕ. ಕೊನೆಗೆ ಕಣ್ಣಲ್ಲೇ ಬೇಡುವ ಬಡ ಮುದುಕ. ಹುಡುಗನ ಮುಖಕ್ಕೂ ಮುದುಕನ ಮುಖಕ್ಕೂ ಮೆತ್ತಿಕೊಂಡಿರುವುದು ಮಣ್ಣು, ಯುವಕನ ಮುಖಕ್ಕೆ ರಕ್ತ. ಎರಡು ನಿಮಿಷದಲ್ಲಿ ಒಂದು ಇಡೀ ಆಯಸ್ಸು ಕೈ ತಪ್ಪಿ ಹೋಯಿತು, ನಾವು ಚಪ್ಪಾಳೆ ಹೊಡೀತಾ ಇದ್ದೇವೆ! ಪಲ್ಲವಿಯ ರಾಗ ಕೂಡ ಮೇಲೆ ಹತ್ತುವುದಿಲ್ಲ, ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಗೆದ್ದವರು ಹಾಗೆ ಹಾಡ್ತಾರಾ?

ಹಾಗಿದ್ದರೆ ಕೇಳಿದಾಗ ಎದೆ ಉಬ್ಬುವುದು ಯಾಕೆ? ಮಾತು ಒಬ್ಬೊಬ್ಬನನ್ನೇ ಸೋಲಿಸುತ್ತದೆ, ತಾಳ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಸೋತ ಮುದುಕನ ಅಕ್ಕಪಕ್ಕ ಸಾವಿರ ಕಾಲುಗಳಿವೆ. ಆ ಖಾಲಿ ಇಲ್ಲದಿದ್ದರೆ... ಸರಿ, ಸರಿ, ಚೀಟಿ ಬಂತು. ಐದು ನಿಮಿಷ.

ಮರ್ಕ್ಯುರಿಯ ಉಚ್ಚಾರಣೆ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಅದು ಬೇಡ. ಗಿಟಾರ್ ಒಂದೇ ಹೇಳ್ತೀನಿ. ಮೇ ಮತ್ತು ಅವನ ಅಪ್ಪ ಹಳೆ ಬೆಂಕಿಗೂಡಿನ ಮರದಿಂದ ಮನೆಯಲ್ಲೇ ಮಾಡಿದ್ದು, ಅವನು ನುಡಿಸುವುದು ಆರು ಪೆನ್ಸ್ ನಾಣ್ಯದಲ್ಲಿ. ಅದು ಬರುವುದು ಮುದುಕನ ಕಥೆಯೂ ಮುಗಿದ ಮೇಲೆ, ಅಲ್ಲಿ ಮಾತಿಲ್ಲ.

ಈಗ ಹಾಡು ಹಾಕ್ತೀನಿ, ಎರಡೇ ನಿಮಿಷ. ಹಿಂದಿನ ಸಾಲಿನವರೇ, ನಾಲ್ಕನೆಯದನ್ನು ತಟ್ಟಬೇಡಿ.