ಹಗ್ಗ ಬಿಗಿಯುವ ಮೊದಲು ಜನ ಸರಿಯಲಿ

ನಮಸ್ಕಾರ. ಆಟಿ ತಿಂಗಳ ಮಳೆ, ಹೆಬ್ರಿಯ ಆಚೆ ಒಂದು ತೋಟದ ದಾರಿ. ಗೊಬ್ಬರ ಹೇರಿಕೊಂಡು ಬಂದ ಪಿಕಪ್ ತೋಡಿನ ಬದಿಗೆ ಜಾರಿ ಅರ್ಧ ಚಕ್ರ ಹೂತುಹೋಗಿತ್ತು. ನನ್ನ ಜೀಪಿನ ವಿಂಚಿನಿಂದ (ಮೋಟಾರಿನ ಬಲದಿಂದ ಹಗ್ಗವನ್ನು ಡ್ರಮ್ಮಿಗೆ ಸುತ್ತಿ ಎಳೆಯುವ ಯಂತ್ರ) ಹಗ್ಗ ಬಿಟ್ಟು ಕೊಕ್ಕೆ ಸಿಕ್ಕಿಸುವಷ್ಟರಲ್ಲಿ ಸುತ್ತ ಹದಿನೈದು ಮಂದಿ. ಕೊಡೆ ಹಿಡಿದವರು, ಮೊಬೈಲಿನಲ್ಲಿ ವಿಡಿಯೊ ಮಾಡುವವರು, ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡ ಒಬ್ಬ ತಾಯಿ. ಬಿಗಿದು ನಿಂತಿದ್ದ ಉಕ್ಕಿನ ಹಗ್ಗವನ್ನು ಒಬ್ಬರು ಹೊಸ್ತಿಲು ದಾಟಿದಂತೆ ದಾಟಿ ಆಚೆ ಹೋದರು. ವಿಂಚಿನ ರಿಮೋಟ್ ನನ್ನ ಕೈಯಲ್ಲಿತ್ತು. ಅಂದು ಹಗ್ಗ ತುಂಡಾಗಲಿಲ್ಲ, ಆದರೆ ಆ ಹೆಜ್ಜೆ ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ.

ಜನ ಸರಿಯದೆ ವಿಂಚಿನ ಗುಂಡಿ ಒತ್ತಬಾರದು. ಹಿಂದಿನಿಂದ ಬಸ್ಸು ಎಷ್ಟೇ ಹಾರ್ನ್ ಹೊಡೆಯಲಿ.

ಎಳೆತದ ಶಕ್ತಿಯೆಲ್ಲ ಬಿಗಿದ ಹಗ್ಗದೊಳಗೆ ತುಂಬಿಕೊಂಡಿರುತ್ತದೆ. ತುಂಡಾದರೆ ಅಥವಾ ಕೊಕ್ಕೆ ಕಳಚಿದರೆ ಅದು ಚಾವಟಿಯಂತೆ ಬೀಸುತ್ತದೆ. ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹೊರಗೆ ಬಿಟ್ಟ ಹಗ್ಗದ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲಬೇಕು ಎಂಬುದು ಈ ಕೆಲಸ ಬಲ್ಲವರ ಲೆಕ್ಕ. 20 ಮೀಟರ್ ಬಿಟ್ಟರೆ 30 ಮೀಟರ್. ಆಗುಂಬೆ ಘಾಟಿಯ ತಿರುವಿನಲ್ಲಿ ಅಷ್ಟು ಜಾಗ ಎಲ್ಲಿ ಎನ್ನುತ್ತೀರಾ? ಹಾಗಾದರೆ ಎರಡೂ ಕಡೆ ವಾಹನ ನಿಲ್ಲಿಸಿ. ಉಕ್ಕಿನ ಬದಲು ಸಿಂಥೆಟಿಕ್ ನೂಲಿನ ಹಗ್ಗವಾದರೆ ಹಗುರ, ಅದರ ಹೊಡೆತವೂ ಕಡಿಮೆ. ಆದರೂ ಅದರ ತುದಿಯಲ್ಲಿ ಇರುವುದು ಕಬ್ಬಿಣದ ಕೊಕ್ಕೆಯೇ.

ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ಹಗ್ಗ ಹರಿದರೆ ಅದರ ಭಾರ ಹಗ್ಗವನ್ನು ನೆಲಕ್ಕೆ ಎಳೆಯುತ್ತದೆ. ನಮ್ಮ ಕಡೆ ಗೋಣಿ ಇಲ್ಲದ ಮನೆಯಿಲ್ಲ, ಒದ್ದೆ ಮಾಡಲು ಮಳೆಗೂ ಬರವಿಲ್ಲ. ಕೈಗೆ ಚರ್ಮದ ಕೈಗವಸು ಬೇಕೇ ಬೇಕು. ಡ್ರಮ್ಮಿನಲ್ಲಿ ಉಕ್ಕಿನ ಹಗ್ಗದ ಐದು ಸುತ್ತಾದರೂ ಉಳಿದಿರಲಿ.

ಜೀಪೇ ಹೂತಾಗ ಎಳೆತದ ಆಧಾರಕ್ಕೆಂದು ಅಡಿಕೆ ಮರಕ್ಕೆ ಹಗ್ಗ ಸುತ್ತುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಳೆಯಲ್ಲಿ ನೆನೆದು ಸಡಿಲವಾದ ಮಣ್ಣಿನಲ್ಲಿ ಆ ಸಣಕಲು ಮರ ಎಷ್ಟು ತಡೆದೀತು? ದಪ್ಪ ಕಾಂಡದ ಹಲಸೋ ಮಾವೋ ಹುಡುಕಿ, ಬುಡದ ಹತ್ತಿರ ಅಗಲ ಪಟ್ಟಿ ಹಾಕಿ, ಪಟ್ಟಿಗೆ ಕೊಕ್ಕೆ ಸಿಕ್ಕಿಸಿ. ಉಕ್ಕಿನ ಹಗ್ಗವನ್ನೇ ಮರಕ್ಕೆ ಸುತ್ತಿ ಅದರ ಮೇಲೇ ಕೊಕ್ಕೆ ಹಾಕಿದರೆ ಮರದ ತೊಗಟೆಯೂ ಹೋಗುತ್ತದೆ, ಹಗ್ಗದ ಎಳೆಗಳೂ ಮುರಿಯುತ್ತವೆ.

ಇನ್ನೊಂದು ವಿಷಯ. ವಿಂಚಿನ ಮೇಲೆ ಬರೆದ ಎಳೆತದ ಲೆಕ್ಕ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ; ಮೇಲೆ ಪದರ ಹೆಚ್ಚಿದಷ್ಟೂ ಬಲ ಕಡಿಮೆ. ಬಲ ಸಾಲದಿದ್ದರೆ ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಬಳಸಿ. ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಆ ನಿಧಾನ ನನಗೆ ಇಷ್ಟ.

ಸೇರಿದವರು ಸಹಾಯಕ್ಕೆಂದೇ ಬಂದವರು, ಅವರನ್ನು ಗದರಿಸಲು ಮನಸ್ಸು ಬರುವುದಿಲ್ಲ. ಅದಕ್ಕೇ ಈಗ ಅಲ್ಲಿರುವ ಹಿರಿಯರೊಬ್ಬರ ಬಳಿ ಹೋಗಿ, “ಯಜಮಾನರೇ, ಇವರನ್ನೆಲ್ಲ ಆ ತಿರುವಿನ ತನಕ ಕರೆದುಕೊಂಡು ಹೋಗಿ ನಿಲ್ಲುತ್ತೀರಾ?” ಎಂದು ಕೇಳುತ್ತೇನೆ. ಅವರು ಅಲ್ಲಿಂದ ಕೈ ಎತ್ತಿದ ಮೇಲೆಯೇ ರಿಮೋಟ್ ತೆಗೆದುಕೊಳ್ಳುತ್ತೇನೆ.