ಬಾಲದ ಬುಡದ ಪುಟ್ಟ ಚೀಲ

ರೈತ ಬಾಂಧವರಿಗೆ ನಮಸ್ಕಾರ.

ಜಗಳೂರು ಕಡೆಯ ಕೋಳಿ ಸಾಕಣೆದಾರರೊಬ್ಬರು ಈಚೆಗೆ ನಮ್ಮ ಪಶು ಆಸ್ಪತ್ರೆಗೆ ಬಂದಿದ್ದರು. ಗೊಬ್ಬರದ ಚೀಲದಲ್ಲಿ ಸತ್ತ ಐದು ಮರಿ, 26 ದಿನದವು. “ಅಲ್ರೀ ಡಾಕ್ಟ್ರೇ, ಏಳನೇ ದಿನಕ್ಕೆ ಕೊಕ್ಕರೆ ರೋಗದ ಲಸೋಟ ಲಸಿಕೆ ಕೊಟ್ಟೀನಿ, ಹದಿನಾಲ್ಕಕ್ಕೆ ಗಂಬೋರೊ ರೋಗದ್ದು ಕೊಟ್ಟೀನಿ. ಆದ್ರೂ ಕೊಕ್ಕರೆ ರೋಗ ಬಂತು. ಲಸಿಕೆ ಡೂಪ್ಲಿಕೇಟಾ?” ಅಂತ ಕೇಳಿದರು.

ಮರಿ ಕೊಯ್ದೆ. ಅವರ ನೋಟವೆಲ್ಲ ಗಂಟಲು, ಕರುಳಿನ ಮೇಲಿತ್ತು. ನಾನು ಮೊದಲು ಹುಡುಕಿದ್ದು ಹಿಂಬದಿಯಲ್ಲಿ. ಹಿಕ್ಕೆ ಬೀಳುವ ದ್ವಾರದ ಮೇಲ್ಗಡೆ, ಬೆನ್ನಿಗೆ ಆತುಕೊಂಡು ಒಂದು ಪುಟ್ಟ ಚೀಲ ಇರುತ್ತದೆ. ಆ ವಯಸ್ಸಿಗೆ ದ್ರಾಕ್ಷಿಯಷ್ಟು ಇರಬೇಕಾದ್ದು ನಾಲ್ಕು ಮರಿಗಳಲ್ಲಿ ಕಡಲೆಕಾಳಿನಷ್ಟಾಗಿ ಮುದುಡಿತ್ತು.

ಈ ಚೀಲಕ್ಕೆ ಬರ್ಸಾ ಎನ್ನುತ್ತಾರೆ. ಬಹುಕಾಲ ಇದು ಯಾತಕ್ಕಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಬ್ರೂಸ್ ಗ್ಲಿಕ್ ಎಂಬ ವಿಜ್ಞಾನಿ ಬರ್ಸಾ ತೆಗೆದಿದ್ದ ಕೋಳಿಗಳು ಪಾಠದ ಪ್ರಯೋಗವೊಂದಕ್ಕೆ ಹೋಗಿ, ಅವು ರೋಗಾಣುವಿನ ವಿರುದ್ಧ ಪ್ರತಿಕಾಯವನ್ನೇ ತಯಾರಿಸದಿದ್ದಾಗ ಗುಟ್ಟು ಬಯಲಾಯಿತು. 1956ರಲ್ಲಿ ಅದು ಪ್ರಕಟವಾಯಿತು. ಪ್ರತಿಕಾಯ ಮಾಡುವ ಕೋಶಗಳು ತಯಾರಾಗುವ ಗರಡಿಮನೆ ಇದು. ನಮ್ಮ ನಿಮ್ಮ ರಕ್ತದಲ್ಲಿ ಪ್ರತಿಕಾಯ ಮಾಡುವ ‘ಬಿ’ ಕೋಶಕ್ಕೆ ಆ ‘ಬಿ’ ಬಂದದ್ದೂ ಕೋಳಿಯ ಬರ್ಸಾದಿಂದಲೇ!

ಗಂಬೋರೊ ವೈರಸ್ ನೇರವಾಗಿ ಈ ಗರಡಿಮನೆಗೇ ನುಗ್ಗುತ್ತದೆ. ಅಮೆರಿಕದ ಡೆಲವೇರ್ ರಾಜ್ಯದ ಗಂಬೋರೊ ಎಂಬ ಊರಿನ ಹೆಸರು ಅದಕ್ಕೆ. ಮೂರರಿಂದ ಆರು ವಾರದ ಕೋಳಿಗೆ ತಗುಲಿದರೆ ಬಿಳಿ ಬೇಧಿ, ಮುದುಡಿ ಕೂರುವುದು, ಸಾವು ಎಲ್ಲ ಎದ್ದು ಕಾಣುತ್ತದೆ. ಮೂರು ವಾರದೊಳಗೆ ತಗುಲಿದರೆ ಏನೂ ಕಾಣುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ. ಮರಿ ತಿನ್ನುತ್ತದೆ, ಓಡಾಡುತ್ತದೆ, ಒಳಗೆ ಬರ್ಸಾ ಸವೆದುಹೋಗಿರುತ್ತದೆ. ಆಮೇಲೆ ನೀವು ಕೊಡುವ ಕೊಕ್ಕರೆ ರೋಗದ ಲಸಿಕೆ ಎಷ್ಟೇ ಒಳ್ಳೆಯದಿರಲಿ, ಪಾಠ ಕಲಿಯಲು ಅಲ್ಲಿ ಶಿಷ್ಯರೇ ಇರುವುದಿಲ್ಲ.

ಹಾಗಾದರೆ ಗಂಬೋರೊ ಲಸಿಕೆಯನ್ನು ಮೊದಲ ದಿನವೇ ಕುಡಿಸಿದರಾಯಿತಲ್ಲ? ಆಗದು. ತಾಯಿಕೋಳಿ ಮೊಟ್ಟೆಯ ಮೂಲಕ ಮರಿಗೆ ಪ್ರತಿಕಾಯ ಕೊಟ್ಟಿರುತ್ತದೆ. ನೀರಿನಲ್ಲಿ ಕೊಟ್ಟ ಲಸಿಕೆಯ ವೈರಸ್ಸನ್ನು ಅದು ಕೊಂದುಬಿಡುತ್ತದೆ. ಮಾಂಸದ ಕೋಳಿಮರಿಯಲ್ಲಿ ಈ ತಾಯಿಬಲ ಸುಮಾರು ಮೂರು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ತೀರಾ ಮುಂಚೆ ಕೊಟ್ಟರೆ ಲಸಿಕೆ ವ್ಯರ್ಥ, ತಡ ಮಾಡಿದರೆ ಶೆಡ್ಡಿನ ವೈರಸ್ ಮೊದಲು ಹೊಕ್ಕಿರುತ್ತದೆ. ಆದ್ದರಿಂದ ‘ಹದಿನಾಲ್ಕನೇ ದಿನ’ ಎನ್ನುವುದು ಪಂಚಾಂಗದ ಮುಹೂರ್ತವಲ್ಲ. ಕೆಲವು ಮರಿಗಳ ರಕ್ತವನ್ನು ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆಗೆ ಕಳಿಸಿದರೆ ಆ ಬ್ಯಾಚಿಗೆ ಯಾವ ದಿನ ಸರಿ ಅಂತ ಲೆಕ್ಕ ಹಾಕಬಹುದು.

ಇನ್ನೊಂದು ಮಾತು. ರಕ್ತಹೀನತೆಯ ವೈರಸ್ ಅಂತ ಮತ್ತೊಂದಿದೆ. ಅದು ತಾಯಿಯಿಂದ ಮೊಟ್ಟೆಯೊಳಗೇ ಬರಬಹುದು. ಜುಟ್ಟು ಬಿಳಿಚಿಕೊಂಡು, ಮೂಳೆಯ ಮಜ್ಜೆ ಹಳದಿಗೆ ತಿರುಗಿರುತ್ತದೆ. ಎರಡು ವಾರ ದಾಟಿದ ಮರಿಗೆ ಸಾಮಾನ್ಯವಾಗಿ ಇದು ಕಾಯಿಲೆ ತರುವುದಿಲ್ಲ. ಆದರೆ ಗಂಬೋರೊ ಜೊತೆಗೂಡಿದರೆ ಆ ರಕ್ಷಣೆಯೂ ಹೋಗುತ್ತದೆ. ತಾಯಿಕೋಳಿಗೆ ಮೊಟ್ಟೆ ಇಡುವ ಮುಂಚೆ ಇದರ ಲಸಿಕೆ ಆಗಿದೆಯೇ ಅಂತ ಮರಿ ಕೊಡುವವರನ್ನು ಕೇಳಿ. ಕೇಳುವುದಕ್ಕೆ ಸಂಕೋಚವೇಕೆ?

ನಮ್ಮ ದಾವಣಗೆರೆ ಮೆಕ್ಕೆಜೋಳದ ಸೀಮೆ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳವನ್ನು ‘ಕೋಳಿಗೆ ತಾನೇ’ ಅಂತ ಹಾಕುವವರಿದ್ದಾರೆ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಕೂಡ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ವೈರಸ್ ಹುಡುಕುವ ಮೊದಲು ಜೋಳದ ಚೀಲ ಬಿಚ್ಚಿ ನೋಡಿ.

ಜಗಳೂರಿನವರ ಶೆಡ್ಡಿಗೂ ಹೋಗಿದ್ದೆ. ಹಿಂದಿನ ಬ್ಯಾಚಿನ ಹೊಟ್ಟನ್ನು ತೆಗೆಯದೆ ಮೇಲೆ ಹೊಸದು ಹಾಸಿದ್ದರು. ಗಂಬೋರೊ ವೈರಸ್ ಖಾಲಿ ಶೆಡ್ಡಿನಲ್ಲೂ ನಾಲ್ಕು ತಿಂಗಳು ಬದುಕಬಲ್ಲದು. ಹೊಟ್ಟಿನೊಳಗಿನ ಕರಿಹುಳುಗಳೂ ಅದನ್ನು ಹೊತ್ತಿರುತ್ತವೆ. ಲಸಿಕೆ ಕಲಸಿದ್ದು ಬ್ಲೀಚಿಂಗ್ ಪುಡಿ ಬೆರೆತ ಟ್ಯಾಂಕಿನ ನೀರಿಗೆ. ಲಸಿಕೆ ಡೂಪ್ಲಿಕೇಟ್ ಆಗಿರಲಿಲ್ಲ, ಪಾಪ, ಅದಕ್ಕೆ ಬದುಕಲು ಅವಕಾಶವೇ ಇರಲಿಲ್ಲ.

ಈ ಸಲ ಅವರು ಹೊಟ್ಟನ್ನೆಲ್ಲ ದೂರ ಸಾಗಿಸಿ, ನೆಲ ತೊಳೆದು, ಔಷಧಿ ಹೊಡೆದು, ಎರಡು ವಾರ ಶೆಡ್ ಖಾಲಿ ಬಿಟ್ಟರು. ಲಸಿಕೆಗೆ ಬೋರಿನ ನೀರು, ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿ. ದಿನ ಗೊತ್ತುಮಾಡಿದ್ದು ರಕ್ತಪರೀಕ್ಷೆ ನೋಡಿ. ಆ ಬ್ಯಾಚಿಗೆ ಇವತ್ತು ಹದಿನೆಂಟನೇ ದಿನ.

ನಮಸ್ಕಾರ.